ಅಂಚಿನಲ್ಲಿ ಉಳಿದ ಕೆಮ್ಮಣ್ಣು

ನಾನು ಒಂದು ಸ್ಟೀಲಿನ ತಟ್ಟೆ. ಉಣ್ಣುವ ತಟ್ಟೆಯಲ್ಲ, ಆ ಯೋಗ ನನಗೆ ಬರಲಿಲ್ಲ. ಆಸ್ಪತ್ರೆಗೆ ಹೋದವರು ನನ್ನಂಥವರನ್ನು ಖಂಡಿತ ನೋಡಿರುತ್ತೀರಿ. ಒಂದು ಕಡೆ ಉಬ್ಬು, ಇನ್ನೊಂದು ಕಡೆ ತಗ್ಗು, ಹೊಟ್ಟೆಯೊಳಗೆ ಒಂದು ಸಿರಿಂಜು, ನಾಲ್ಕು ಉಂಡೆ ಹತ್ತಿ, ಯಾವಾಗಲೂ ಸ್ಪಿರಿಟ್ಟಿನ ವಾಸನೆ. ನರ್ಸುಗಳು ಕಿಡ್ನಿ ಟ್ರೇ ಎನ್ನುತ್ತಾರೆ. ನನ್ನನ್ನು ಮಾಡಿದವರು ಮಾತ್ರ ಗೇರುಬೀಜ ಎಂದು ಕರೆಯುತ್ತಿದ್ದರು. ನನಗೆ ಆ ಹೆಸರೇ ಇಷ್ಟ.

ಹುಟ್ಟಿದ್ದು ಮೈಸೂರಿನ ಕೈಗಾರಿಕಾ ಬಡಾವಣೆಯ ಒಂದು ತಗಡಿನ ಶೆಡ್ಡಿನಲ್ಲಿ. ಅದಕ್ಕೂ ಮೊದಲು ನಾನು ಸ್ಟೀಲಿನ ಒಂದು ದೊಡ್ಡ ಹಾಳೆಯೊಳಗೆ ಮಲಗಿದ್ದೆ. ನನ್ನ ಪಕ್ಕದಲ್ಲಿ ಇನ್ನೂ ಹುಟ್ಟದ ಬಟ್ಟಲುಗಳು, ಮುಚ್ಚಳಗಳು, ಬೆಡ್‌ಪ್ಯಾನುಗಳು ಮಲಗಿದ್ದವು. ಯಾರು ಯಾರಾಗುತ್ತೇವೆ ಎಂದು ನಮಗೆ ಗೊತ್ತಿರಲಿಲ್ಲ. ಪ್ರೆಸ್ಸಿನ ಯಂತ್ರ ಧಡ್ ಎಂದು ಮೇಲಿನಿಂದ ಬಿತ್ತು, ನಾನು ಬೇರೆಯಾದೆ. ಆಮೇಲೆ ನನ್ನ ಅಂಚನ್ನು ಸುರುಳಿ ಸುತ್ತಿ ಮಡಿಸಿದರು, ಕೈ ಕುಯ್ಯದಿರಲಿ ಎಂದು. ಆ ಮಡಿಕೆಯನ್ನು ನೆನಪಿಟ್ಟುಕೊಳ್ಳಿ. ನನ್ನ ಕಥೆಯೆಲ್ಲ ಕೊನೆಗೆ ಅಲ್ಲಿಯೇ ಉಳಿದುಕೊಂಡಿತು.

ಹೊಳಪು ಕೊಡುತ್ತಿದ್ದವನು ರಾಚಪ್ಪ ಎಂಬ ದಪ್ಪ ಮೀಸೆಯ ಮನುಷ್ಯ. ಕೆಲಸ ಮುಗಿದ ಮೇಲೆ ನನ್ನನ್ನು ಮುಖದ ಎದುರು ಹಿಡಿದು, ಉದ್ದಕ್ಕೆ ಎಳೆದಂತೆ ಕಂಡ ತನ್ನ ಮೀಸೆಯನ್ನು ತಿರುವಿಕೊಂಡು, “ಹೋಗ್ ಬಾ ಗೇರುಬೀಜ. ನಾನೇ ಒಂದಿನ ನಿನ್ನ ಮುಂದೆ ಬಂದು ಮಲಗಿದ್ರೆ ಗುರ್ತು ಹಿಡಿ” ಎಂದ. ನಾನು ಇವತ್ತಿಗೂ ಪ್ರತಿ ಮೀಸೆಯನ್ನೂ ಗಮನಿಸಿ ನೋಡುತ್ತೇನೆ. ಅವನು ಬರಲಿಲ್ಲ. ಬರದಿದ್ದುದೇ ಒಳ್ಳೆಯದು.

ಮೊದಲು ನನ್ನನ್ನು ಕೊಂಡದ್ದು ಒಂದು ಆಸ್ಪತ್ರೆಯ ಹೆರಿಗೆ ವಾರ್ಡು. ಹೊಕ್ಕುಳಬಳ್ಳಿ ಕತ್ತರಿಸುವ ಕತ್ತರಿ ನನ್ನೊಳಗೇ ಇರುತ್ತಿತ್ತು. ಎಷ್ಟೋ ಕೂಸುಗಳ ಮೊದಲ ಅಳು ನನ್ನ ತಳಕ್ಕೆ ಬಡಿದು ಸಣ್ಣಗೆ ಗುಂಯ್ ಎಂದಿತು. ಅಲ್ಲಿ ಗ್ಲಾಡಿಸ್ ಸಿಸ್ಟರ್ ಇದ್ದರು. ಸ್ವಲ್ಪ ಸ್ಥೂಲ ಕಾಯ, ದೊಡ್ಡ ದನಿ, ಒಳಗೆ ಬೆಣ್ಣೆ. ತಮ್ಮ ಸಾಮಾನು ಬೇರೆ ವಾರ್ಡಿನವರು ಹೊತ್ತುಕೊಂಡು ಹೋಗಬಾರದೆಂದು ನನ್ನ ಬೆನ್ನಿಗೆ ಮೊಳೆಯಿಂದ ಮೂರು ಚುಕ್ಕೆ ಹೊಡೆದರು. ಅವರನ್ನು ತೀವ್ರ ನಿಗಾ ಘಟಕಕ್ಕೆ ಮುಖ್ಯಸ್ಥೆಯಾಗಿ ಹಾಕಿದಾಗ ನಾನೂ ಅವರ ಹಿಂದೆಯೇ ಹೋದೆ. ಎಲ್ಲರೂ ಅದನ್ನು ಐಸಿಯು ಎನ್ನುತ್ತಾರೆ, ನಾನೂ ಹಾಗೆಯೇ ಅನ್ನುತ್ತೇನೆ.

ಅಲ್ಲಿಗೆ ಹೋದ ಮೇಲೆ ನನಗೆ ಎಚ್ಚರ ಯಾವುದು, ಕನಸು ಯಾವುದು ಎಂಬುದು ಕಲಸಿಹೋಯಿತು. ಆ ಕೋಣೆಗೆ ಕಿಟಕಿಯಿಲ್ಲ. ಹೊರಗೆ ಮಧ್ಯಾಹ್ನವೋ ಮುಂಜಾವೋ ತಿಳಿಯುವುದಿಲ್ಲ. ಚಾವಣಿಯ ದುಂಡು ದೀಪಗಳು ನನ್ನ ತಳದಲ್ಲಿ ಒಂಬತ್ತು ಚಂದ್ರರಾಗಿ ಮೂಡುತ್ತಿದ್ದವು. ಯಂತ್ರಗಳು ಗದ್ದೆಯ ಬದುವಿನ ಕೀಟಗಳ ಹಾಗೆ ಬಿಟ್ಟು ಬಿಟ್ಟು ಕೂಗುತ್ತಿದ್ದವು. ಗಾಳಿ ಕೊಡುವ ಯಂತ್ರ ಯಾರದೋ ಎದೆಯ ಬದಲಿಗೆ ತಾನೇ ಉಸಿರಾಡುತ್ತಿತ್ತು. ಮಲಗಿದವರ ಕನಸುಗಳು ಹಾಸಿಗೆಯ ಅಂಚಿನಿಂದ ಇಳಿದು, ಮಂಜಿನ ಹಾಗೆ ನೆಲಮಟ್ಟದಲ್ಲಿ ಓಡಾಡುತ್ತಿದ್ದವು. ಟ್ರಾಲಿಯ ಕೆಳಗಿನ ಅರೆಯಲ್ಲಿ ಕೂತ ನನಗೆ ಅವು ಚೆನ್ನಾಗಿ ಕಾಣುತ್ತಿದ್ದವು.

ದಿನಕ್ಕೊಮ್ಮೆ ನಮ್ಮನ್ನೆಲ್ಲ ಹಬೆಯ ಪೆಟ್ಟಿಗೆಯಲ್ಲಿಟ್ಟು ಕುದಿಸುತ್ತಾರೆ. ಅದರ ಹೆಸರು ಆಟೋಕ್ಲೇವು. ಒಳಗೆ ಬಿಳಿ ಮೋಡ ತುಂಬಿಕೊಳ್ಳುತ್ತದೆ. ಕತ್ತರಿ, ಚಿಮುಟ, ನಾನು ಎಲ್ಲರೂ ಆ ಮೋಡದಲ್ಲಿ ತೇಲುತ್ತೇವೆ. ಹಿರಿಯ ಚಿಮುಟವೊಂದು ಹೇಳುತ್ತಿತ್ತು, ಇಲ್ಲಿ ಬಂದ ಮೇಲೆ ನಿನ್ನೆಯದನ್ನು ಬಿಡಬೇಕು, ಬಿಟ್ಟರೇನೇ ನಾಳೆ ಇನ್ನೊಬ್ಬರ ಮೈ ಮುಟ್ಟಲು ಯೋಗ್ಯರಾಗುತ್ತೇವೆ ಎಂದು. ಹಾಗೆ ನಾನು ದಿನಾ ಮರೆತೆ, ದಿನಾ ಹೊಸದಾಗಿ ಹುಟ್ಟಿದೆ. ಮರೆಯದೆ ಉಳಿದದ್ದು ಒಂದೇ ಒಂದು. ಅದನ್ನೇ ಹೇಳುತ್ತೇನೆ.

ಆಗ ನನ್ನನ್ನು ಹೆಚ್ಚಾಗಿ ಹಿಡಿಯುತ್ತಿದ್ದವಳು ಜಯಶೀಲಾ. ಹುಣಸೂರಿನ ಕಡೆಯವಳು, ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಟ್ರೇ ಇಡುವಾಗ ಸದ್ದೇ ಮಾಡದವಳು. ಬೇರೆಯವರು ನನ್ನನ್ನು ಟಣ್ ಎಂದು ಕುಕ್ಕಿದರೆ, ಇವಳು ಮಲಗಿದ ಮಗುವಿನ ಪಕ್ಕದಲ್ಲಿ ಗಿಲಕಿ ಇಟ್ಟ ಹಾಗೆ ಇಡುತ್ತಿದ್ದಳು. ಅವಳ ಕೈಯ ಇಂಜೆಕ್ಷನ್ನಿಗೆ ಮುಲುಗಿದವರನ್ನು ನಾನು ಕಂಡಿಲ್ಲ. ತನ್ನ ಕೈ ಹಗುರವೆಂಬ ಒಂದೇ ಹೆಮ್ಮೆ ಅವಳಿಗಿತ್ತು.

ಐದನೇ ಹಾಸಿಗೆಗೆ ಸಿದ್ದಶೆಟ್ಟರು ಬಂದರು. ತಿರುಮಕೂಡಲು ನರಸೀಪುರದ ಆಚೆಗಿನ ಹಳ್ಳಿಯ ಕುಂಬಾರರು. ಐವತ್ತೆಂಟು ವಯಸ್ಸು. ಎರಡೂ ಶ್ವಾಸಕೋಶಕ್ಕೆ ಕಫ ತುಂಬಿ ಉಸಿರು ಕಟ್ಟಿತ್ತು. ಬಾಯಿಗೆ ಕೊಳವೆ ಹಾಕಿ, ಔಷಧಿ ಕೊಟ್ಟು ನಿದ್ದೆಯಲ್ಲಿಟ್ಟಿದ್ದರು. ಆ ನಿದ್ದೆಯಲ್ಲೂ ಅವರ ಬಲಗೈ ಹೆಬ್ಬೆರಳು ಹೊದಿಕೆಯ ಮೇಲೆ ಮೆಲ್ಲಗೆ ಸುತ್ತುತ್ತಿತ್ತು. ನನಗೆ ಮಾತ್ರ ಕಂಡಿತು, ಅವರ ಕನಸಿನಲ್ಲಿ ತಿಗರಿ ತಿರುಗುತ್ತಿದೆ, ಮಣ್ಣು ಏಳುತ್ತಿದೆ, ಒಂದು ಮಡಕೆಯ ಕೊರಳು ಮೂಡುತ್ತಿದೆ. ಮೂಡಿ ಮುಗಿಯುವುದಿಲ್ಲ, ಮತ್ತೆ ಮೊದಲಿನಿಂದ ಶುರು.

ಅವರ ಹೆಂಡತಿ ಚಿಕ್ಕತಾಯಮ್ಮ ದಿನಾ ಹನ್ನೊಂದು ಗಂಟೆಗೆ ಬರುತ್ತಿದ್ದರು. ನೋಡಲು ಬಿಡುವುದು ಒಬ್ಬರನ್ನು, ಅರ್ಧ ಗಂಟೆ. ಸೀರೆಯ ಮೇಲೆ ಆಸ್ಪತ್ರೆಯ ಹಸಿರು ನಿಲುವಂಗಿ, ತಲೆಗೆ ಟೋಪಿ ಹಾಕಿಸಿಕೊಂಡು, ತಮ್ಮನ್ನು ತಾವೇ ನೋಡಿ ನಗು ತಡೆದುಕೊಂಡು ಒಳಗೆ ಬರುವರು. ಗಂಡನ ಮುಖ ಕಂಡ ಕೂಡಲೆ ಆ ನಗು ಆರಿಹೋಗುವುದು.

ಒಂದು ದಿನ ನನ್ನೊಳಗೆ ಅವರ ಕಣ್ಣಿಗೆ ಬಿದ್ದದ್ದು ಚುಚ್ಚಿ ಮುಗಿಸಿದ ಒಂದು ಪುಟ್ಟ ಸಿರಿಂಜು. ದಿನಾ ಬೆಳಿಗ್ಗೆ ಹತ್ತಕ್ಕೆ ಹೊಟ್ಟೆಯ ಚರ್ಮವನ್ನು ಎರಡು ಬೆರಳಲ್ಲಿ ಮಡಿಕೆ ಹಿಡಿದು ಕೊಡುವ ಇಂಜೆಕ್ಷನ್. ಅದು ಯಾತಕ್ಕೆ ಎಂದು ಕೇಳಿದರು. ಜಯಶೀಲಾ ಹೇಳಿದಳು, ಹೀಗೆ ಅಲ್ಲಾಡದೆ ಮಲಗಿದವರ ಕಾಲಿನಲ್ಲಿ ರಕ್ತ ಹೆಪ್ಪುಗಟ್ಟುತ್ತದೆ, ನಿಂತ ನೀರಿನಲ್ಲಿ ಪಾಚಿ ಕಟ್ಟುವ ಹಾಗೆ. ಆ ಹೆಪ್ಪು ಕಿತ್ತು ಶ್ವಾಸಕೋಶಕ್ಕೆ ಹೋದರೆ ಜೀವಕ್ಕೇ ಅಪಾಯ. ಅದಾಗದಿರಲಿ ಎಂದು ರಕ್ತವನ್ನು ತೆಳ್ಳಗಿಡುವ ಔಷಧಿ ಇದು. ಚಿಕ್ಕತಾಯಮ್ಮ ತಲೆಯಾಡಿಸಿದರು. ನನಗೂ ಹೆಮ್ಮೆಯಾಯಿತು. ನಾನು ಹೊತ್ತು ತರುತ್ತಿದ್ದುದು ಕಾವಲು ಎಂದುಕೊಂಡೆ.

ಎಂಟನೆಯ ದಿನ ಎಡ ಮುಂಗೈಯ ಮೇಲೆ ಒಂದು ಗುಳ್ಳೆ ಕಂಡಿತು. ತೊಗರಿಕಾಳಿನಷ್ಟು, ಬಣ್ಣ ನೇರಳೆ ಹಣ್ಣಿನದು. ಮರುದಿನ ಅದು ಹುಣಸೆಬೀಜದಷ್ಟಾಯಿತು, ಸುತ್ತ ಇನ್ನೂ ಮೂರು ಬಂದವು. ಬಲ ತೊಡೆಯ ಮೇಲೂ ಬಂದವು. ಒಳಗೆ ರಕ್ತ ತುಂಬಿಕೊಂಡು ಬಿಗಿಯಾಗಿ ನಿಂತಿದ್ದವು.

ಘಟಕದ ದೊಡ್ಡ ಡಾಕ್ಟರು ಉತ್ತಯ್ಯ. ಕೊಡಗಿನವರು, ಉದ್ದ ಮನುಷ್ಯ, ಮಾತು ಕಡಿಮೆ. ಬಿಪಿ ನೋಡುವ ಪಟ್ಟಿ ಒತ್ತಿರಬೇಕೆಂದು ಅದನ್ನು ಇನ್ನೊಂದು ತೋಳಿಗೆ ಹಾಕಿಸಿದರು. ಅಂಟುಪಟ್ಟಿ ಒಗ್ಗುತ್ತಿಲ್ಲವೇನೋ ಎಂದು ಬೇರೆ ಬಗೆಯದನ್ನು ತರಿಸಿದರು. ಸೋಂಕೇನೋ ಎಂದು ಪರೀಕ್ಷೆಗೆ ಕಳಿಸಿದರು. ಯಾವುದೂ ಹೊಂದಲಿಲ್ಲ. ಕೊನೆಗೆ, ರೋಗಿಯನ್ನು ಮಗ್ಗುಲು ತಿರುಗಿಸುವಾಗ ಎಲ್ಲಿ ಹಿಡಿಯುತ್ತಾರೆ ಎಂದು ನೋಡಿ, “ಸಿಸ್ಟರ್, ಹಿಡಿಯೋ ಕೈ ಸ್ವಲ್ಪ ಹಗುರ ಇರಲಿ” ಎಂದರು. ಬೈಗುಳವೇನಲ್ಲ. ಆದರೂ ಜಯಶೀಲಾಳ ಹಿಡಿತದಲ್ಲಿದ್ದ ನನಗೆ ಅವಳ ಬೆರಳು ತಣ್ಣಗಾದದ್ದು ತಿಳಿಯಿತು.

ಹನ್ನೊಂದಕ್ಕೆ ಬಂದ ಚಿಕ್ಕತಾಯಮ್ಮ ಗುಳ್ಳೆಗಳನ್ನು ನೋಡಿದರು, ಜಯಶೀಲಾಳ ಮುಖ ನೋಡಿದರು, ಮತ್ತೆ ಗುಳ್ಳೆ ನೋಡಿದರು.

“ನಿನ್ ಕೈ ಒರಟು ಕನವ್ವ” ಎಂದರು. “ನಮ್ಮನೆಯವ್ರು ಹಸಿ ಮಡಕೆ ಇದ್ದಂಗೆ ಮಲಗವ್ರೆ. ಹಸಿ ಮಡಕೆನ ಯಾರಾರೂ ಹಿಂಗ್ ಹಿಡೀತಾರಾ?”

ಆಮೇಲೆ ಜಯಶೀಲಾ ನಲ್ಲಿಯ ಹತ್ತಿರ ನನ್ನನ್ನಿಟ್ಟುಕೊಂಡು ಬಹಳ ಹೊತ್ತು ಕೈ ತೊಳೆದಳು. ತೊಳೆದ ಕೈಯನ್ನು ಬೆಳಕಿಗೆ ಹಿಡಿದು ತಿರುಗಿಸಿ ತಿರುಗಿಸಿ ನೋಡಿಕೊಂಡಳು, ಬೇರೆ ಯಾರದೋ ಕೈ ತನಗೆ ಬಂದುಬಿಟ್ಟಿದೆಯೋ ಎಂಬ ಹಾಗೆ. ಗ್ಲಾಡಿಸ್ ಸಿಸ್ಟರ್ ಹಿಂದಿನಿಂದ ಬಂದು, ಅಳುವುದಿದ್ದರೆ ಊಟದ ಹೊತ್ತಿನಲ್ಲಿ ಅಳು, ಈಗ ಯಾವ ಗುಳ್ಳೆ ಎಲ್ಲಿ ಎಂದು ಬರೆದಿಡು ಎಂದರು. ಅವರು ಸಮಾಧಾನ ಹೇಳುವ ರೀತಿಯೇ ಹಾಗೆ.

ಹತ್ತನೆಯ ದಿನ. ಚಿಕ್ಕತಾಯಮ್ಮ ಬಂದಾಗ ಅವರ ಸೆರಗಿನ ತುದಿಯಲ್ಲಿ ಒಂದು ಗಂಟಿತ್ತು. ಎಂಟನೇ ಹಾಸಿಗೆಯಲ್ಲಿ ಯಂತ್ರ ಕೂಗಿ ಜಯಶೀಲಾ ಅತ್ತ ಓಡಿದಳು. ನಾನು ಐದನೇ ಹಾಸಿಗೆಯ ಪಕ್ಕದ ಮೇಜಿನ ಮೇಲೆ ಖಾಲಿ ಕೂತಿದ್ದೆ. ಅವರು ಸುತ್ತಲೂ ನೋಡಿ ಗಂಟು ಬಿಚ್ಚಿದರು. ಕೆಮ್ಮಣ್ಣಿನ ಉಂಡೆ. ಅದನ್ನು ನನ್ನೊಳಗೇ ಇಟ್ಟು, ಬಾಟಲಿಯಿಂದ ಎರಡು ಹನಿ ನೀರು ಬಿಟ್ಟು, ಬೆರಳಿನಿಂದ ತೇಯ್ದರು.

ಏನು ಹೇಳಲಿ ನಿಮಗೆ. ಅಷ್ಟು ವರ್ಷ ನನ್ನೊಳಗೆ ಬಂದದ್ದೆಲ್ಲ ಪೊಟ್ಟಣ ಹರಿದು ಬಂದದ್ದು. ಮಣ್ಣು ಮುಟ್ಟಿದ್ದು ಅದೇ ಮೊದಲು. ಮೊದಲ ಮಳೆಯ ವಾಸನೆ ಆ ಕಿಟಕಿಯಿಲ್ಲದ ಕೋಣೆಯೊಳಗೆ ಎದ್ದಿತು. ಒಂಬತ್ತು ಚಂದ್ರರೂ ಕೆಂಪಾದರು. ಸಿದ್ದಶೆಟ್ಟರ ಹೆಬ್ಬೆರಳು ಹೊದಿಕೆಯ ಮೇಲೆ ಒಂದು ಕ್ಷಣ ನಿಂತು, ಮತ್ತೆ ಸುತ್ತತೊಡಗಿತು.

ಅವರ ಊರಿನ ಕಡೆ ಸರ್ಪಸುತ್ತು ಎಂಬ ಕಾಯಿಲೆಗೆ ಹೀಗೆ ಮಾಡುತ್ತಾರಂತೆ. ಮೈಮೇಲೆ ಗುಳ್ಳೆಗಳು ಸಾಲು ಕಟ್ಟಿ ಸುತ್ತಿಕೊಂಡು ಹೊರಟರೆ ಅದು ಹಾವು, ತಲೆಯೂ ಬಾಲವೂ ಕೂಡಿದರೆ ಮನುಷ್ಯ ಉಳಿಯುವುದಿಲ್ಲ ಎಂದು ನಂಬಿಕೆ. ಹಾವು ದಾಟದ ಹಾಗೆ ಕೆಮ್ಮಣ್ಣಿನಲ್ಲಿ ಬೇಲಿ ಬರೆಯುತ್ತಾರೆ. ಚಿಕ್ಕತಾಯಮ್ಮನ ಅತ್ತೆ ಬರೆಯುತ್ತಿದ್ದರು, ಆಮೇಲೆ ನಲವತ್ತು ವರ್ಷ ಇವರು ಬರೆದಿದ್ದಾರೆ. ಬರೆದದ್ದಕ್ಕೆ ಏನೂ ತೆಗೆದುಕೊಳ್ಳುವುದಿಲ್ಲ.

ಎಡ ಮುಂಗೈಯ ಗುಳ್ಳೆಗಳ ಸುತ್ತ ಗೆರೆ ಎಳೆದರು. ಬಲ ತೊಡೆಗೆ ಬಂದರು. ಅಲ್ಲಿ ಕೈ ನಿಂತಿತು. ಬಲಗೈಯ ಅಂಗಿತೋಳು ಸರಿಸಿ ನೋಡಿದರು, ಅಲ್ಲೂ ಒಂದು. ಹುಬ್ಬು ಗಂಟಾಯಿತು. ಗುಳ್ಳೆಯ ಪಕ್ಕದಲ್ಲಿ ಹೆಬ್ಬೆರಳಿನಿಂದ ಮೆತ್ತಗೆ ಒತ್ತಿದರು, ಗಂಡನ ಮುಖವನ್ನೇ ನೋಡುತ್ತ. ನಿದ್ದೆಯ ಔಷಧಿಯಲ್ಲೂ ಸೂಜಿ ಚುಚ್ಚಿದರೆ ಆ ಮುಖ ಕಿವುಚುತ್ತಿತ್ತು. ಈಗ ಏನೂ ಆಗಲಿಲ್ಲ. ಹೊಟ್ಟೆಯ ಮೇಲಿನ ಬಟ್ಟೆ ಎತ್ತಿಯೂ ನೋಡಿದರು. ಆಮೇಲೆ ಉಳಿದ ಗುಳ್ಳೆಗಳಿಗೂ ಗೆರೆ ಎಳೆದರು. ಆದರೆ ಈಗ ಬೆರಳಿನಲ್ಲಿ ಮೊದಲಿನ ಧೈರ್ಯವಿರಲಿಲ್ಲ, ಗೆರೆ ಸ್ವಲ್ಪ ನಡುಗಿತು.

ಅವರು ಬಾಗಿಲು ದಾಟುವ ಹೊತ್ತಿಗೆ ಡಾಕ್ಟರು ಉತ್ತಯ್ಯ ಒಳಗೆ ಬಂದರು. ದೂರದಿಂದಲೇ ನೋಡಿದರು. ಕೈಮೇಲೆ ಕೆಂಪು, ತೊಡೆಮೇಲೆ ಕೆಂಪು, ಹಾಸಿಗೆಯ ಬಟ್ಟೆಗೂ ಕೆಂಪು. ಗುಳ್ಳೆಗಳೆಲ್ಲ ಒಡೆದು ರಕ್ತ ಹೋಗುತ್ತಿದೆ ಎಂದುಕೊಂಡು, ಒತ್ತುಪಟ್ಟಿ ತನ್ನಿ, ರಕ್ತದ ಬಾಟಲಿಗೆ ಹೇಳಿ ಎಂದು ಓಡಿ ಬಂದರು. ಗ್ಲಾಡಿಸ್ ಸಿಸ್ಟರ್ ಓಡಿದರು. ಡಾಕ್ಟರು ಕೈಗವಸಿನ ಬೆರಳಿನಿಂದ ಒತ್ತಿದರೆ ರಕ್ತ ಪುಡಿಪುಡಿಯಾಗಿ ಉದುರಿತು. ಅವರು ಬೆರಳನ್ನು ಮೂಗಿನ ಹತ್ತಿರ ತಂದು ನೋಡಿದರು.

“ಇದು ಗೋಡೆಗೆ ಬಳಿಯೋದಲ್ವಾ” ಎಂದರು.

ಆಮೇಲೆ ಆದದ್ದೆಲ್ಲ ಆಗಬೇಕಾದದ್ದೇ. ಚಿಕ್ಕತಾಯಮ್ಮನಿಗೆ ಬಾಗಿಲಲ್ಲಿ ಬೈಗುಳ, ಜಯಶೀಲಾಳಿಗೆ ಅದಕ್ಕಿಂತ ಹೆಚ್ಚು. ಮಣ್ಣಿನಲ್ಲಿ ಏನೇನು ಸೋಂಕಿರುತ್ತದೆ, ಒಂದು ಗುಳ್ಳೆ ಒಡೆದಿದ್ದರೆ ಏನಾಗುತ್ತಿತ್ತು ಎಂದು ಗ್ಲಾಡಿಸ್ ಸಿಸ್ಟರ್ ತಮ್ಮ ದೊಡ್ಡ ದನಿಯನ್ನು ಸಣ್ಣದು ಮಾಡಿಕೊಂಡು ಹೇಳಿದರು. ಅವರು ದನಿ ಸಣ್ಣದು ಮಾಡಿದರೆ ಎಲ್ಲರಿಗೂ ಹೆದರಿಕೆ. ಈ ಕ್ಷಣ ಒರೆಸು ಎಂದರು.

ಜಯಶೀಲಾ ಒರೆಸಿದಳು. ಆದರೆ ಒರೆಸುವ ಮೊದಲು ಒಂದು ಕೆಲಸ ಮಾಡಿದಳು. ಜೇಬಿನಿಂದ ಚರ್ಮದ ಮೇಲೆ ಗುರುತು ಮಾಡುವ ನೀಲಿ ಪೆನ್ನು ತೆಗೆದು, ಕೆಮ್ಮಣ್ಣಿನ ಗೆರೆಯ ಹೊರ ಅಂಚಿನ ಉದ್ದಕ್ಕೂ ಹೋದಳು, ನಡುಗಿದ ಕಡೆ ನಡುಗಿಕೊಂಡೇ. ಆಮೇಲೆ ಉಪ್ಪುನೀರಿನ ಹತ್ತಿಯಿಂದ ಕೆಂಪನ್ನು ತೆಗೆದಳು. ಒಳಗಿದ್ದ ಗುಳ್ಳೆಗಳನ್ನು ಎಣಿಸಿ ಬರೆದಳು, ಹನ್ನೊಂದು. ಇದೇನು ಹೊಸ ರಂಗೋಲಿ ಎಂದು ಗ್ಲಾಡಿಸ್ ಸಿಸ್ಟರ್ ಕೇಳಿದರು. ಇವತ್ತು ಎಲ್ಲೆಲ್ಲಿ ಇತ್ತು ಅಂತ ಆ ಅಮ್ಮ ಸರಿಯಾಗಿ ಬರೆದಿದ್ದಾರೆ, ನಾಳೆ ಇದರಾಚೆ ಬಂದರೆ ಬಂತು ಅಂತ ಗೊತ್ತಾಗುತ್ತೆ ಎಂದಳು ಜಯಶೀಲಾ. ಗ್ಲಾಡಿಸ್ ಸಿಸ್ಟರ್ ಕನ್ನಡಕ ಮೇಲೇರಿಸಿಕೊಂಡು ಬಗ್ಗಿ ಆ ಗೆರೆಯನ್ನು ನೋಡಿದರು.

ನನ್ನನ್ನು ತೊಳೆಯಲು ಎತ್ತಿಕೊಂಡು ಹೊರಟವಳು ಓಣಿಯಲ್ಲಿ ಬೆಂಚಿನ ಮೇಲೆ ಕೂತ ಚಿಕ್ಕತಾಯಮ್ಮನ ಎದುರು ನಿಂತಳು. ಜಗಳಕ್ಕೇ ನಿಂತಳು ಎಂದು ನನಗೆ ಅನ್ನಿಸಿತು. ಆದರೆ ಆ ಹೆಂಗಸು ತಲೆ ಎತ್ತಿದಾಗ ಕಣ್ಣಲ್ಲಿ ಜಗಳವಿರಲಿಲ್ಲ.

“ಅದು ಸರ್ಪ ಅಲ್ಲ ಕನವ್ವ” ಎಂದರು.

ಜಯಶೀಲಾ ಪಕ್ಕದಲ್ಲಿ ಕೂತಳು. ನಾನು ಅವಳ ಮಡಿಲಲ್ಲಿ, ಒಳಗೆ ಕೆಂಪು ಕೆಸರು.

“ಹೆಂಗೆ ಹೇಳ್ತೀರಮ್ಮ?”

“ನಲವತ್ತು ವರ್ಸ ಬರ್ದಿವ್ನಿ. ಸರ್ಪ ಒಂದೇ ಮಗ್ಗುಲಲ್ಲಿ ಹೋಯ್ತದೆ. ಎಡಕ್ಕೆ ಬಂದ್ರೆ ಎಡಕ್ಕೆ, ಬಲಕ್ಕೆ ಬಂದ್ರೆ ಬಲಕ್ಕೆ. ಇದು ಅಲ್ಲೊಂದು ಇಲ್ಲೊಂದು ಹಾರ್ಕೊಂಡು ಕೂತದೆ. ಸರ್ಪ ಬಂದೋರು ಗಾಳಿ ಸೋಕುದ್ರೂ ಉರಿ ಅಂತ ಕೂಗ್ತಾರೆ. ಇವ್ರು ಒತ್ತುದ್ರೂ ಹುಬ್ಬು ಹಾರಿಸ್ನಿಲ್ಲ.” ಸ್ವಲ್ಪ ತಡೆದು, “ನಿನ್ ಸೂಜಿ ಚುಚ್ಚಿದ ಜಾಗನೂ ನೋಡ್ದೆ. ನಿನ್ನ ಬಯ್ಯಕೇಂತ್ಲೇ ನೋಡ್ದೆ. ಹೊಟ್ಟೆ ಮೇಲೆ ಒಂದು ಕಲೆ ಇಲ್ಲ. ನಿನ್ ಕೈದಲ್ಲ ಅದು.”

ಜಯಶೀಲಾ ನನ್ನ ಅಂಚನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಚಿಕ್ಕತಾಯಮ್ಮ ಯಾರಿಗೋ ಹೇಳುವ ಹಾಗೆ ಮುಂದುವರಿಸಿದರು. ಒಂದು ವರ್ಷ ಆವಿಗೆಯಲ್ಲಿ ಸುಟ್ಟ ಮಡಕೆಗಳೆಲ್ಲ ಗುಳ್ಳೆ ಎದ್ದವಂತೆ. ಬೆಂಕಿ ಹೆಚ್ಚಾಯಿತು ಎಂದು ಇವರು ಗಂಡನನ್ನು ಬೈದರಂತೆ. ಸಿದ್ದಶೆಟ್ಟರು ಮಾತ್ರ ಬೆಂಕಿಯ ಸುದ್ದಿಗೆ ಹೋಗದೆ, ಈ ಸಲ ಮಣ್ಣಿಗೆ ಹೊಸದಾಗಿ ಏನು ಸೇರಿತು ಎಂದು ಹುಡುಕಿದರಂತೆ. ಬೇರೆ ಕೆರೆಯ ಮರಳು ಸೇರಿತ್ತು.

“ಇವ್ರ ಮೈಗೆ ಇಲ್ಲಿ ಬಂದ್ಮೇಲೆ ಹೊಸದಾಗಿ ಏನೇನು ಸೇರ್ಸಿದ್ದೀರಿ, ಅದ ನೋಡವ್ವ” ಎಂದರು.

ಮಾರನೆಯ ಬೆಳಿಗ್ಗೆ ಹಬೆಯಿಂದ ಬಂದ ನನ್ನೊಳಗೆ ಎಂದಿನಂತೆ ಆ ಪುಟ್ಟ ಸಿರಿಂಜು ಕೂತಿತು. ಹತ್ತು ಗಂಟೆ. ಜಯಶೀಲಾ ಹೊದಿಕೆ ಸರಿಸಿದಳು. ನೀಲಿ ಬೇಲಿಯ ಆಚೆ ಏಳು ಹೊಸ ಗುಳ್ಳೆಗಳು ಬಂದಿದ್ದವು. ಪಟ್ಟಿ ಇಲ್ಲದ ಕಡೆ, ಅಂಟು ಇಲ್ಲದ ಕಡೆ, ಯಾರೂ ಹಿಡಿಯದ ಮೊಣಕೈ ಕೆಳಗೆ. ಅವಳು ತಲೆದೆಸೆಯ ಕಾಗದಗಳನ್ನು ತಿರುವಿದಳು. ಕೊಟ್ಟ ಔಷಧಿಗಳಲ್ಲಿ ಕೆಲವು ಮೊನ್ನೆ ಶುರುವಾದವು, ಕೆಲವು ನಿಂತಿದ್ದವು. ಮೊದಲ ದಿನದಿಂದ ಗುಳ್ಳೆ ಬರುವವರೆಗೆ, ಬಂದ ಮೇಲೂ, ಒಂದು ದಿನವೂ ತಪ್ಪದೆ ಹೋದವು ಬೆರಳೆಣಿಕೆಯಷ್ಟು. ಅವುಗಳಲ್ಲೊಂದು ನನ್ನ ಮಡಿಲಲ್ಲಿತ್ತು.

ನಾನು ಕಾವಲು ಹೊತ್ತಿದ್ದೇನೆ ಎಂದುಕೊಂಡಿದ್ದೆನಲ್ಲ. ಆ ಹೊತ್ತಿನಲ್ಲಿ ನನ್ನ ಹೊಳಪೆಲ್ಲ ಇಳಿದುಹೋಯಿತು.

ಅವಳು ಕೊಡಲೂ ಇಲ್ಲ, ಎಸೆಯಲೂ ಇಲ್ಲ. ನನ್ನನ್ನು ಎರಡೂ ಕೈಯಲ್ಲಿ ಹಿಡಿದು ನಿಂತಳು. ಕೊಡದೆ ಇದ್ದು ಕಾಲಲ್ಲಿ ರಕ್ತ ಹೆಪ್ಪುಗಟ್ಟಿದರೆ ಅವಳೇ ಹೊಣೆ. ಕೊಟ್ಟು ಇದು ಹೆಚ್ಚಾದರೂ ಅವಳ ಕೈಯೇ. ಡಾಕ್ಟರು ಬರುವ ಹದಿನೈದು ನಿಮಿಷ ನನಗೆ ಪ್ರೆಸ್ಸಿನ ಯಂತ್ರ ಮೇಲೆತ್ತಿ ನಿಂತ ಹಾಗೆ ಇತ್ತು.

“ಸರ್, ಇವತ್ತಿನದು ನಾನಿನ್ನೂ ಕೊಟ್ಟಿಲ್ಲ” ಎಂದಳು. “ಒಂದು ಸಲ ನೋಡಿ ಹೇಳಿ. ಕೊಡು ಅಂದ್ರೆ ಈಗ್ಲೇ ಕೊಡ್ತೀನಿ.”

ಡಾಕ್ಟರು ಉತ್ತಯ್ಯನವರ ಮುಖ ಕೆಂಪೇರಿತು. ಹೇಳಿದ ಔಷಧಿ ನಿಲ್ಲಿಸಲು ನೀನು ಯಾರು ಎಂಬ ಮಾತು ತುಟಿಯವರೆಗೆ ಬಂದದ್ದು ಕೆಳಗಿನಿಂದ ನನಗೆ ಕಂಡಿತು. ಅಷ್ಟರಲ್ಲಿ ಕಣ್ಣು ನೀಲಿ ಗೆರೆಯ ಮೇಲೆ ಬಿತ್ತು. ಬಗ್ಗಿದರು. ಎಡಗೈ, ಬಲಗೈ, ತೊಡೆ, ಆಮೇಲೆ ಕಲೆಯಿಲ್ಲದ ಹೊಟ್ಟೆ. ನೆಟ್ಟಗಾದವರು ಮೆಲ್ಲಗೆ, “ಕೊಡಬೇಡ” ಎಂದರು. ರಕ್ತದಲ್ಲಿನ ಪ್ಲೇಟ್‌ಲೆಟ್ಟು ಎಷ್ಟಿದೆ ಈಗಲೇ ನೋಡಲಿ, ಚರ್ಮದ ಡಾಕ್ಟರನ್ನು ಕರೆಯಿರಿ ಎಂದರು.

ಚರ್ಮದ ಡಾಕ್ಟರು ನಸ್ರೀನ್ ಬಂದರು. ಸಣ್ಣ ಮೈ, ಕುತ್ತಿಗೆಯಲ್ಲಿ ಭೂತಗನ್ನಡಿ. ಅವರು ಜಯಶೀಲಾಳಿಗೆ ಬಿಡಿಸಿ ಹೇಳಿದ್ದನ್ನು ನಾನೂ ಕೇಳಿಸಿಕೊಂಡೆ. ಈ ಇಂಜೆಕ್ಷನ್ನು ಲಕ್ಷಾಂತರ ಜನಕ್ಕೆ ಒಳ್ಳೆಯದನ್ನೇ ಮಾಡುತ್ತದೆ. ಎಲ್ಲೋ ಕೆಲವರಿಗೆ ತಿರುಗಿ ಬೀಳುತ್ತದೆ. ಅದರಲ್ಲೂ ಒಂದು ಬಗೆ ಕೆಟ್ಟದ್ದು. ಪ್ಲೇಟ್‌ಲೆಟ್ಟು ದಿಢೀರನೆ ಇಳಿದು, ತೆಳ್ಳಗಾಗಬೇಕಾದ ರಕ್ತವೇ ಹೆಪ್ಪುಗಟ್ಟಿ, ಚರ್ಮ ಕಪ್ಪಾಗಿ ಸಾಯುತ್ತದೆ, ಕೆಲವೊಮ್ಮೆ ಮನುಷ್ಯನೂ. ಅದಾಗಿದ್ದರೆ ಒಂದೊಂದು ಚುಚ್ಚೂ ಬೆಂಕಿಗೆ ಎಣ್ಣೆ.

ಆ ಲೆಕ್ಕ ಬರಲು ಮುಕ್ಕಾಲು ಗಂಟೆ ಬೇಕಾಯಿತು. ಹನ್ನೊಂದಕ್ಕೆ ಬಂದ ಚಿಕ್ಕತಾಯಮ್ಮನನ್ನು ಅವತ್ತು ಯಾರೂ ತಡೆಯಲಿಲ್ಲ. ಅವರು ಗಂಡನ ಪಾದ ಹಿಡಿದು ಕೂತರು. ಹೊದಿಕೆಯ ಮೇಲೆ ಹೆಬ್ಬೆರಳು ಸುತ್ತುತ್ತಿತ್ತು. ಆ ತಿಗರಿ ನಿಲ್ಲದಿರಲಿ ಎಂದು ನಾನು ಮೇಜಿನ ಮೇಲೆ ಒಬ್ಬನೇ ಬೇಡಿಕೊಂಡೆ. ಸ್ಟೀಲಿನ ಬೇಡಿಕೆ ಯಾರಿಗೆ ಕೇಳುತ್ತದೋ ಗೊತ್ತಿಲ್ಲ.

ಲೆಕ್ಕ ಬಂತು. ಪ್ಲೇಟ್‌ಲೆಟ್ಟು ಇಳಿದಿರಲಿಲ್ಲ.

ಡಾಕ್ಟರು ನಸ್ರೀನ್ ಒಂದು ಗುಳ್ಳೆಯ ಅಂಚಿನಿಂದ ಎಳ್ಳಿನಷ್ಟು ಚರ್ಮ ತೆಗೆದು ಪರೀಕ್ಷೆಗೆ ಕಳಿಸಿದರು. ಅದನ್ನು ಹೊತ್ತವನೂ ನಾನೇ. ಎರಡು ದಿನದ ಮೇಲೆ ಉತ್ತರ ಬಂತು. ಚರ್ಮದ ಮೇಲ್ಪದರದ ಬಳಿ ಬರೀ ರಕ್ತ ನಿಂತಿದೆ, ನಾಳಗಳಲ್ಲಿ ಹೆಪ್ಪುಗಟ್ಟಿಲ್ಲ. ಕೆಟ್ಟ ಬಗೆಯಲ್ಲ, ಆದರೆ ಅದಕ್ಕಿಂತಲೂ ಅಪರೂಪದ ಬಗೆ. “ಚುಚ್ಚಿದ ಜಾಗ ಬಿಟ್ಟು ದೂರದಲ್ಲಿ ಬರುತ್ತೆ. ಅದಕ್ಕೇ ಇಂಜೆಕ್ಷನ್ ಮೇಲೆ ಯಾರಿಗೂ ಅನುಮಾನ ಬರಲ್ಲ” ಎಂದರು. ಹೆದರುವುದು ಬೇಡ, ತಾನಾಗಿ ಒಣಗುತ್ತದೆ, ಇಂಜೆಕ್ಷನ್ ನಿಲ್ಲಿಸಿದ ದಿನವೇ ಡಾಕ್ಟರು ಉತ್ತಯ್ಯ ಶುರುಮಾಡಿದ, ರಕ್ತ ತೆಳ್ಳಗಿಡುವ ಬೇರೆ ಜಾತಿಯ ಔಷಧಿಯೇ ಮುಂದುವರಿಯಲಿ, ಕಾಲಿಗೆ ಗಾಳಿ ತುಂಬಿ ಹಿಂಡುವ ಚೀಲ ಇರಲಿ ಎಂದರು. ಹೋಗುವಾಗ ನೀಲಿ ಗೆರೆ ಮುಟ್ಟಿ, ಇದನ್ನು ಯಾರು ಹಾಕಿದ್ದು, ಇಷ್ಟು ಚೆನ್ನಾಗಿ ಎಂದು ಕೇಳಿದರು. ಜಯಶೀಲಾ ನಾನಲ್ಲ ಎಂದಳು. ಡಾಕ್ಟರು ಉತ್ತಯ್ಯ ಗೋಡೆ ನೋಡುತ್ತ ನಿಂತರು.

ಎರಡು ವಾರದಲ್ಲಿ ಗುಳ್ಳೆಗಳು ಬಾಡಿದ ನೇರಳೆಯ ಸಿಪ್ಪೆಯ ಹಾಗೆ ಒಣಗಿ ಉದುರಿದವು. ಬಾಯಿಯ ಕೊಳವೆಯನ್ನು ಅದಕ್ಕೂ ಮೊದಲೇ ತೆಗೆದಿದ್ದರು. ಗಂಟಲು ಸರಿಯಾದ ಮೇಲೆ ಸಿದ್ದಶೆಟ್ಟರು ತಮ್ಮ ಕೈ ಎತ್ತಿ, ಮಾಸಿದ ನೀಲಿ ಗೀಟುಗಳನ್ನು ತುಂಬ ಹೊತ್ತು ನೋಡಿ ಹೆಂಡತಿಯನ್ನು ಕೇಳಿದರು, “ನಾನ್ ಮಲಗಿದ್ದಾಗ ಸರ್ವೆಯವ್ರು ಬಂದು ಅಳತೆ ಮಾಡ್ಕೊಂಡು ಹೋದ್ರಾ?”

ಚಿಕ್ಕತಾಯಮ್ಮ ನಕ್ಕು ನಕ್ಕು ಅತ್ತರು.

ಹೊರಡುವ ದಿನ ಜಯಶೀಲಾ ಒಂದು ಚೀಟಿ ಕೊಟ್ಟಳು. ಈ ಇಂಜೆಕ್ಷನ್ ಇವರಿಗೆ ಕೊಡಕೂಡದು ಎಂದು ಕೆಂಪಕ್ಷರದಲ್ಲಿ ಬರೆದದ್ದು. ಯಾವ ಆಸ್ಪತ್ರೆಗೆ ಹೋದರೂ ಮೊದಲು ಇದನ್ನು ತೋರಿಸಿ ಎಂದಳು. ಕೆಮ್ಮಣ್ಣು ಕಟ್ಟಿ ತಂದಿದ್ದ ಅದೇ ಸೆರಗಿನ ತುದಿಯಲ್ಲಿ ಚಿಕ್ಕತಾಯಮ್ಮ ಚೀಟಿಯನ್ನು ಕಟ್ಟಿಕೊಂಡರು. ಆಮೇಲೆ ಜಯಶೀಲಾಳ ಕೈ ಹಿಡಿದು, ಮಣ್ಣಿನ ಹದ ನೋಡುವವರ ಹಾಗೆ ಅಂಗೈಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದರು.

“ಬಾಳ ಹಗುರ ಕನವ್ವ ನಿನ್ ಕೈ. ನಮ್ಮನೇಲಿ ಹುಟ್ಟಿದ್ರೆ ಮಡಕೆ ತಟ್ಟಕೆ ಕೂರುಸ್ತಿದ್ದೆ” ಎಂದರು.

ಅವತ್ತು ಜಯಶೀಲಾ ಕೈ ತೊಳೆಯಲು ನಲ್ಲಿಗೆ ತಡವಾಗಿ ಹೋದಳು.

ಇನ್ನು ನನ್ನ ವಿಷಯ. ತೇಯ್ದ ಕೆಮ್ಮಣ್ಣು ನನ್ನ ಅಂಚಿನ ಸುರುಳಿಯೊಳಗೆ ಹೊಕ್ಕು ಕೂತಿತ್ತು. ಎಷ್ಟು ಕುದಿಸಿದರೂ ಬರಲಿಲ್ಲ. ಹಬೆಯ ಮೋಡದಲ್ಲಿ ಎಲ್ಲರೂ ನಿನ್ನೆಯದನ್ನು ಬಿಡುವಾಗ ನಾನೊಬ್ಬ ಬಿಡದೆ ಉಳಿದೆ. ಹಿರಿಯ ಚಿಮುಟಕ್ಕೆ ಅದು ಹಿಡಿಸಲಿಲ್ಲ. ಶುಚಿತ್ವದ ತಪಾಸಣೆಗೆ ಬಂದವರಿಗೂ ಹಿಡಿಸಲಿಲ್ಲ. ಅಂಚಿನಲ್ಲಿ ಕೆಂಪಿರುವ ಟ್ರೇ ರೋಗಿಯ ಹತ್ತಿರ ಹೋಗಕೂಡದು ಎಂದರು, ಅದು ಸರಿಯೇ. ಗ್ಲಾಡಿಸ್ ಸಿಸ್ಟರ್ ಪಟ್ಟಿಯಿಂದ ನನ್ನನ್ನು ಹೊಡೆದುಹಾಕಿ ಉಗ್ರಾಣದ ಮೇಲಿನ ಅರೆಗೆ ಏರಿಸಿದರು. ಅಲ್ಲಿ ಮುರಿದ ಸ್ಟ್ಯಾಂಡುಗಳು, ಗಾಜೊಡೆದ ಗಡಿಯಾರದ ನಡುವೆ ನಾಲ್ಕು ತಿಂಗಳು ಧೂಳು ಕುಡಿದೆ.

ಸಿದ್ದಶೆಟ್ಟರು ಹೆಂಡತಿಯ ಜೊತೆ ತೋರಿಸಿಕೊಳ್ಳಲು ಬಂದಾಗ, ವಾರ್ಡಿನವರಿಗೆ ಕುಡಿಯುವ ನೀರಿಗೆಂದು ಒಂದು ಹೂಜಿ ತಂದರು. ಅದರ ಕೊರಳು ನೋಡಿದ ಕೂಡಲೆ ಉಗ್ರಾಣದ ಬಾಗಿಲ ಸಂದಿಯಿಂದ ನನಗೆ ಗುರುತು ಸಿಕ್ಕಿತು. ಕನಸಿನಲ್ಲಿ ಮೂಡಿ ಮುಗಿಯದೆ ಹೋಗುತ್ತಿದ್ದ ಕೊರಳು ಅದೇ. ಗ್ಲಾಡಿಸ್ ಸಿಸ್ಟರ್ ನನ್ನನ್ನು ಇಳಿಸಿ ತಂದು, “ನೋಡಮ್ಮ, ನೀನು ಕೆಡಿಸಿದ ಟ್ರೇ. ಹೆರಿಗೆ ವಾರ್ಡಿಂದ ಕಾಪಾಡ್ಕೊಂಡು ಬಂದಿದ್ದೆ. ನೀನೇ ತಗೊಂಡು ಹೋಗಿ ಸಾಕ್ಕೋ” ಎಂದರು. ಚಿಕ್ಕತಾಯಮ್ಮ ನನ್ನನ್ನು ಸೆರಗಿನಿಂದ ಒರೆಸಿದರು.

ಈಗ ನಾನು ಅವರ ಮನೆಯ ಜಗುಲಿಯಲ್ಲಿದ್ದೇನೆ. ಹೊಟ್ಟೆಯಲ್ಲಿ ಕೆಮ್ಮಣ್ಣಿನ ಉಂಡೆ. ಮೈಮೇಲೆ ಗೀರು, ತಳದಲ್ಲಿ ಒಂದು ತಗ್ಗು, ಹೊಳಪು ಹೋಗಿದೆ. ಎದುರು ಸಿದ್ದಶೆಟ್ಟರ ತಿಗರಿ ನಿಜವಾಗಿಯೇ ತಿರುಗುತ್ತದೆ. ಇಲ್ಲಿ ನನ್ನನ್ನು ಯಾರೂ ಹಬೆಯಲ್ಲಿಟ್ಟು ಮರೆಸುವುದಿಲ್ಲ. ಕೂಸುಗಳ ಅಳು, ರಾಚಪ್ಪನ ಮೀಸೆ, ಆ ಒಂಬತ್ತು ಚಂದ್ರರು ಎಲ್ಲ ಒಂದೊಂದಾಗಿ ಮರಳಿ ಬರುತ್ತಿವೆ. ಒಳ್ಳೆಯದನ್ನು ಹೊತ್ತಿದ್ದೇನೆ ಎಂದುಕೊಂಡು ನೋವನ್ನೂ ಹೊತ್ತವನು ನಾನು. ಹೊತ್ತವನಿಗೆ ಅದು ಗೊತ್ತಾಗುವುದಿಲ್ಲ. ಪಕ್ಕದಲ್ಲಿ ಕೂತು ನೋಡುವವರು ಬೇಕು.

ಗುಳ್ಳೆ ಎದ್ದವರು ಈಗಲೂ ಬರುತ್ತಾರೆ. ಚಿಕ್ಕತಾಯಮ್ಮ ಮೊದಲಿನ ಹಾಗೆ ಕೂಡಲೆ ಬೆರಳದ್ದುವುದಿಲ್ಲ. ಎಡಕ್ಕೋ ಬಲಕ್ಕೋ ಎಂದು ಕೇಳುತ್ತಾರೆ. ಉರಿಯುತ್ತದೆಯೋ ಎಂದು ಕೇಳುತ್ತಾರೆ. ಇತ್ತೀಚೆಗೆ ಆಸ್ಪತ್ರೆಯಲ್ಲಿ ಮಲಗಿದ್ದೆಯಾ, ಯಾವ ಇಂಜೆಕ್ಷನ್ ಕೊಟ್ಟರು ಎಂದು ಕೇಳುತ್ತಾರೆ. ಸರ್ಪವೇ ಆಗಿದ್ದರೂ ಗೆರೆ ಎಳೆದ ಮೇಲೆ, ಡಾಕ್ಟರ ಮಾತ್ರೆ ನುಂಗದಿದ್ದರೆ ನನ್ನ ಬೇಲಿ ನಿಲ್ಲುವುದಿಲ್ಲ ಎಂದು ಗದರಿ ಕಳಿಸುತ್ತಾರೆ.

ಉತ್ತರ ಬೇರೆ ಬಂದರೆ ಕೆಮ್ಮಣ್ಣಿನ ಉಂಡೆ ತೆಗೆದು ಪಕ್ಕಕ್ಕಿಟ್ಟು, ನನ್ನನ್ನು ಮೆಲ್ಲಗೆ ನೆಲದ ಮೇಲೆ ಬೋರಲು ಹಾಕುತ್ತಾರೆ. ಇವತ್ತು ಬರೆಯುವುದಿಲ್ಲ, ಎದ್ದು ಮೈಸೂರಿನ ಬಸ್ಸು ಹತ್ತು ಎಂದು ಅದರ ಅರ್ಥ. ಊರಿಗೆಲ್ಲ ಈಗ ಆ ಗುರುತು ಗೊತ್ತು. ಬೆನ್ನಿನ ಮೂರು ಚುಕ್ಕೆಗಳು ಬಿಸಿಲಿಗೆ ಕಾಯುತ್ತವೆ. ಒಳಗೆ ಕತ್ತಲು, ಮಣ್ಣಿನ ವಾಸನೆ. ಬಂದವರು ಎದ್ದು ರಸ್ತೆಯ ಕಡೆ ನಡೆಯುವ ಹೆಜ್ಜೆಯ ಸದ್ದು ನೆಲದ ಮೂಲಕ ನನ್ನ ಅಂಚಿಗೆ ತಾಕುತ್ತದೆ. ಅದು ದೂರವಾಗುವವರೆಗೂ ಕೇಳುತ್ತ ಇರುತ್ತೇನೆ.